ಸಾದಿಕ ಸಾಹೇಬರ ಎರಡನೇ ಸಾಲು

ನಮ್ಮ ವಿಜಯಪುರದಲ್ಲಿ ಕವಿತೆ ಎಂದರೆ ಶಾಲೆಯ ಪುಸ್ತಕದಲ್ಲಿ ಇರುವಂಥದ್ದು. ಪರೀಕ್ಷೆ ಮುಗಿದ ಮೇಲೆ ಅದರ ಗೊಡವೆ ಯಾರಿಗೂ ಇಲ್ಲ. ಶಾಯರಿಯ ಮಾತೇ ಬೇರೆ. ಅದು ಲಾರಿಯ ಹಿಂದೆ ಇರುತ್ತದೆ, ಮದುವೆಯ ಮೈಕಿನಲ್ಲಿ ಇರುತ್ತದೆ, ಹುಡುಗರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇರುತ್ತದೆ. ಕಾಯಿಪಲ್ಲೆಯವಳ ಹತ್ತಿರ ಚೌಕಾಸಿ ಮಾಡುತ್ತ ಎರಡು ಮಾತು ಹೆಚ್ಚಿಗೆ ಆಡಿದರೆ ಆಕೆ “ಶಾಯರಿ ಸಾಕ್ರಿ, ತಗೋತೀರೋ ಇಲ್ಲೋ ಹೇಳ್ರಿ” ಎನ್ನುತ್ತಾಳೆ. ರಜೆ ಕೇಳಲು ಹೋದ ನೌಕರ ಅತ್ತೆಯ ಕಾಯಿಲೆಯನ್ನು ವರ್ಣಿಸತೊಡಗಿದರೆ ಮೇಲಧಿಕಾರಿಯೂ ಅದೇ ಮಾತನ್ನು ಹೇಳುತ್ತಾರೆ. ಹೊಗಳುವುದಕ್ಕೂ ಶಾಯರಿ, ಬೈಯುವುದಕ್ಕೂ ಶಾಯರಿ.

ಇಷ್ಟೆಲ್ಲ ಕೆಲಸಕ್ಕೆ ಬರುವ ಶಾಯರಿಗೆ ನಿಯಮ ಮಾತ್ರ ಒಂದೇ. ಅದಕ್ಕೆ ಎರಡು ಸಾಲು ಇರಬೇಕು. ಹೇಳುವವನು ಮೊದಲನೆಯದನ್ನು ಹೇಳಿ ಕೈ ಎತ್ತಿ ನಿಲ್ಲುತ್ತಾನೆ. ಕೂತವರು ಅದನ್ನು ತಾವೂ ಹೇಳಿ, ತಲೆದೂಗಿ, ಎರಡನೆಯದಕ್ಕಾಗಿ ಕಾಯುತ್ತಾರೆ. ಎರಡನೆಯದು ಬಿದ್ದಾಗ ವಾಹ್ ಎನ್ನುತ್ತಾರೆ. ಈ ನಿಯಮ ನಮ್ಮ ಜಲನಗರದ ಸಾದಿಕ ಸಾಹೇಬರಿಗೂ ಚೆನ್ನಾಗಿ ಗೊತ್ತಿತ್ತು. ಆದರೆ ಅವರ ಹತ್ತಿರ ಇದ್ದದ್ದು ಒಂದೇ ಸಾಲು.

ಸಾದಿಕ ಸಾಹೇಬರು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಮ್ಮದು ಅವರದು ಒಂದೇ ಗೋಡೆ. ಒಳ್ಳೆಯ ಮನುಷ್ಯ, ಮರೆವು ಸ್ವಲ್ಪ ಜಾಸ್ತಿ. ದಿನಾ ಮುಂಜಾನೆ ಅವರು ಸ್ಕೂಟರ್ ಏರಿ ಭರ್ರೆಂದು ಹೊರಡುವುದು, ಅವರ ಹೆಂಡತಿ ರಹಿಮಾಬಿ ಬುತ್ತಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು ಕೂಗುವುದು, ಸಾಹೇಬರು ತಿರುಗಿ ನೋಡದೆ ಹೋಗೇಬಿಡುವುದು, ಇದನ್ನು ನೋಡಿಯೇ ನಾವು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದೆವು. ಅವರ ಮನೆಮಾತು ಉರ್ದು. ಆದರೆ ರಹಿಮಾಬಿ ಗಂಡನನ್ನು ಬೈಯುವುದು ಮಾತ್ರ ಕನ್ನಡದಲ್ಲಿ. ಅಕ್ಕಪಕ್ಕದವರಿಗೂ ನ್ಯಾಯ ತಿಳಿಯಲಿ ಎಂಬುದು ಅವರ ಉದ್ದೇಶ ಇರಬೇಕು.

ಆ ದಿನ ಕಚೇರಿಯಲ್ಲಿ ಮಲ್ಲಿನಾಥ ಎಂಬ ಹಿರಿಯ ಅಧಿಕಾರಿಯ ನಿವೃತ್ತಿ ಸಮಾರಂಭವಿತ್ತು. ಎಲ್ಲರೂ ಎರಡೆರಡು ಮಾತು ಆಡಬೇಕು ಎಂದು ಆಜ್ಞೆಯಾಗಿತ್ತು. ಸಾದಿಕ ಸಾಹೇಬರು ಏನು ಹೇಳಲಿ ಎಂದು ಚಿಂತಿಸುತ್ತ ಹೋಗುವಾಗ ಮುಂದೆ ದ್ರಾಕ್ಷಿ ಕ್ರೇಟು ಹೊತ್ತ ಟೆಂಪೋ ಒಂದು ದಾರಿ ಬಿಡದೆ ಹೊರಟಿತ್ತು. ಅದರ ಹಿಂದಿನ ಮೇಲು ಹಲಗೆಯ ಮೇಲೆ ಹಳದಿ ಅಕ್ಷರದಲ್ಲಿ ಹೀಗೆ ಬರೆದಿತ್ತು:

*ಹೋಗುವಾಗ ಒಮ್ಮೆ ತಿರುಗಿ ನೋಡಿದ್ದರ ಸಾಕಿತ್ತು*

ಕೆಳಗಿನ ಹಲಗೆಯ ಮೇಲೆ ಗೋಣಿತಾಟು ಇಳಿಬಿದ್ದಿತ್ತು. ಸಾಹೇಬರು ಸ್ಕೂಟರನ್ನು ಎಡಕ್ಕೆ ಒಯ್ದರು, ಬಲಕ್ಕೆ ಒಯ್ದರು, ಗಾಳಿಗೆ ಗೋಣಿ ಹಾರಲಿ ಎಂದು ದೇವರನ್ನು ಬೇಡಿಕೊಂಡರು. ಗೋಣಿ ಹಾರಲಿಲ್ಲ. ಟೆಂಪೋ ಬಲಕ್ಕೆ ಹೊರಳಿತು, ಕಚೇರಿ ಎಡಕ್ಕಿತ್ತು.

ಸಮಾರಂಭದಲ್ಲಿ ಎಲ್ಲರೂ ‘ಮಲ್ಲಿನಾಥ ಸಾಹೇಬರು ಅಧಿಕಾರಿಯಲ್ಲ, ತಂದೆಯ ಸಮಾನ’ ಎಂದೇ ಹೇಳಿದರು. ಸಾದಿಕ ಸಾಹೇಬರ ಸರದಿ ಬಂದಾಗ ಆ ತಂದೆಗೆ ಆಗಲೇ ಮಕ್ಕಳು ಹೆಚ್ಚಾಗಿದ್ದರು. ಬೇರೇನೂ ತೋಚದೆ ಇವರು “ನಾನು ಬರೆದ ಒಂದು ಶಾಯರಿ” ಎಂದುಬಿಟ್ಟರು. ‘ನಾನು ಬರೆದ’ ಎಂಬ ಎರಡು ಮಾತು ಬಾಯಿಂದ ಹೇಗೆ ಜಾರಿದವೋ ಅವರಿಗೇ ಗೊತ್ತಿಲ್ಲ. ಸಾಲು ಹೇಳಿದರು. ಸಭೆ ತಿರುಗಿ ಹೇಳಿತು. ಮಲ್ಲಿನಾಥ ಸಾಹೇಬರು ಕಣ್ಣೊರೆಸಿಕೊಂಡರು. ಸಾದಿಕ ಸಾಹೇಬರು ಕೈ ಎತ್ತಿ ನಿಂತರು, ಮತ್ತು ಆಗ ಮಾತ್ರ ಅವರಿಗೆ ಕೆಳಗಿನ ಹಲಗೆಯ ಗೋಣಿ ನೆನಪಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು. ಊಟ ಬಂತು. ಕರೆಂಟಿನವರನ್ನು ಮನಸಾರೆ ಹರಸಿದ ಮನುಷ್ಯ ಇಡೀ ಜಿಲ್ಲೆಯಲ್ಲಿ ಅವತ್ತು ಅವರೊಬ್ಬರೇ.

ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಯಾರೋ ವಿಡಿಯೋ ಮಾಡಿದ್ದರು. ಕೈ ಎತ್ತಿ ನಿಂತ ಸಾಹೇಬರು, ತುಂಬಿದ ಸಭೆ, ಫಕ್ಕನೆ ಕತ್ತಲು. ನೋಡಿದವರೆಲ್ಲ ಮುಂದೇನು, ಮುಂದೇನು ಎಂದು ಕೇಳತೊಡಗಿದರು. ಪೂರ್ತಿ ಶಾಯರಿ ಹೇಳಿದವರನ್ನು ನಮ್ಮ ಊರು ಮರುದಿನವೇ ಮರೆಯುತ್ತದೆ; ಅರ್ಧ ಹೇಳಿದವರನ್ನು ಬಿಡುವುದಿಲ್ಲ. ವಾರದೊಳಗೆ ಸಾದಿಕ ಸಾಹೇಬರು ‘ಶಾಯರ್ ಸಾಹೇಬರು’ ಆದರು. ಹಾಲಿನವನು ಹಾಗೇ ಕರೆದ. ಕಚೇರಿಯ ಹೊಸ ಅಧಿಕಾರಿ ಸಿದ್ದಲಿಂಗೇಶರು ಇವರು ಬರೆದ ಟಿಪ್ಪಣಿಗಳನ್ನು ಎರಡೆರಡು ಸಲ ಓದಿ, ಒಳಗೆ ಏನಾದರೂ ಗೂಢಾರ್ಥ ಇದೆಯೋ ಎಂದು ಕೇಳತೊಡಗಿದರು.

ಸಾಹೇಬರಿಗೆ ಈ ಬಿರುದು ಹಿತವಾಗಿತ್ತು. ನಿಜ ಹೇಳಬೇಕೆಂದರೆ ಬಹಳ ಹಿತವಾಗಿತ್ತು. ಹೋದಲ್ಲೆಲ್ಲ ಒತ್ತಾಯ ಬಂದರೆ ಅವರು ಬೇಡ ಬೇಡ ಎನ್ನುತ್ತ ಎದ್ದು ಆ ಒಂದು ಸಾಲು ಹೇಳುತ್ತಿದ್ದರು. ದಿನಾ ಕರೆಂಟು ಹೋಗುವುದಿಲ್ಲವಾದ್ದರಿಂದ ಫೋನಿನಲ್ಲಿ ಮೊದಲೇ ಹೊತ್ತು ಗೊತ್ತುಮಾಡಿ ಗಂಟೆ ಬಾರಿಸುವ ಏರ್ಪಾಡು ಮಾಡಿಕೊಂಡರು. ಸಾಲು ಹೇಳಿ ಕೈ ಎತ್ತುವ ಹೊತ್ತಿಗೆ ಸರಿಯಾಗಿ ಜೇಬಿನಲ್ಲಿ ಗಂಟೆ. “ಅಧಿಕಾರಿಗಳ ಫೋನು” ಎಂದು ಗಂಭೀರವಾಗಿ ಹೊರಗೆ ಹೋದರೆ ಚಹಾ ಮುಗಿದ ಮೇಲೇ ವಾಪಸು.

ನಮ್ಮ ಓಣಿಯ ಗುರಲಿಂಗಪ್ಪ ಮಾತ್ರ ಬೆನ್ನು ಬಿಡಲಿಲ್ಲ. ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಹತ್ತಿದವರು ಇಳಿಯುವವರೆಗೆ ಅವರಿಗೆ ಸಮಾಧಾನವಿಲ್ಲ. ದಿನಾ ಮುಂಜಾನೆ ಗೇಟಿಗೆ ಬಂದು “ಬಂತೇನ್ರಿ ಎರಡನೇದು?” ಎಂದು ಬಸ್ಸಿನ ವಿಚಾರ ಕೇಳಿದಂತೆ ಕೇಳುತ್ತಿದ್ದರು.

ಆ ವಿಡಿಯೋ ಪಕ್ಕದ ಟಿಕೋಟಾ ಊರಿಗೂ ಹೋಯಿತು. ಅದು ತಾನಾಗಿ ಹೋದದ್ದಲ್ಲ, ಸಾಹೇಬರ ಮಗಳು ಕೈನಾತ ಕಳಿಸಿದ್ದು. ಕೈನಾತ ನಮ್ಮಲ್ಲೇ ಒಂದು ಶಾಲೆಯಲ್ಲಿ ಟೀಚರು. ಶಾಲೆಯ ಎದುರಿನ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಇರ್ಫಾನ ಎಂಬ ಟಿಕೋಟಾದ ಹುಡುಗ ಆಕೆಗೆ ಒಪ್ಪಿಗೆಯಾಗಿದ್ದ, ಆಕೆಯೂ ಅವನಿಗೆ. ಅಡ್ಡಿ ಇದ್ದದ್ದು ಒಂದೇ, ಇರ್ಫಾನನ ಅಜ್ಜ ದಾವಲಸಾಬ. ಒಣದ್ರಾಕ್ಷಿಯ ದೊಡ್ಡ ವ್ಯಾಪಾರಿ, ಶಾಯರಿಯ ಹುಚ್ಚ. ಅವರ ಮನೆಯಲ್ಲಿ ಮಂಗನಿಯ ದಿನ, ಎಂದರೆ ನಿಶ್ಚಿತಾರ್ಥದ ದಿನ, ಉಂಗುರ ತೊಡಿಸುವ ಮೊದಲು ಬೀಗರ ಕಡೆಯ ಹಿರಿಯರು ಒಂದು ಶಾಯರಿ ಹೇಳಬೇಕು. ಮುದುಕರಿಗೆ ರುಚಿಸಿದರೆ ನಿಕಾಹದ ದಿನ ಗೊತ್ತು ಮಾಡುತ್ತಾರೆ. ರುಚಿಸದಿದ್ದರೆ ಶರಬತ್ತು ಕುಡಿಸಿ ಕಳಿಸುತ್ತಾರೆ. ಹಿರಿಯ ಮೊಮ್ಮಗನ ಬೀಗರು ಹಾಗೆ ಶರಬತ್ತು ಕುಡಿದು ಕುಡಿದು ಸೋತಿದ್ದರು.

ವಿಡಿಯೋ ನೋಡಿದ ದಾವಲಸಾಬರು ಮರುವಾರವೇ ಜಲನಗರಕ್ಕೆ ಬಂದರು. ಹುಡುಗಿಯನ್ನು ನೋಡಿದ್ದು ಸ್ವಲ್ಪ, ಹುಡುಗಿಯ ಅಪ್ಪನನ್ನು ನೋಡಿದ್ದು ಜಾಸ್ತಿ. ಶಾಯರಿ ಹೇಳಲು ಕೇಳಿಕೊಂಡರು. ಸಾಹೇಬರು ಸಾಲು ಹೇಳಿದರು, ಮುದುಕರು ಕಣ್ಣು ಮುಚ್ಚಿ ತಿರುಗಿ ಹೇಳಿದರು, ಜೇಬಿನಲ್ಲಿ ಗಂಟೆ ಬಾರಿಸಿತು. ಸಾಹೇಬರು ಹೊರಗೆ ಹೋಗಿ ಬೇವಿನ ಗಿಡದ ಕೂಡ ಮಾತಾಡಿ ಬಂದರು. ಮುದುಕರು ಇನ್ನೂ ಕಣ್ಣು ಮುಚ್ಚಿಯೇ ಕೂತಿದ್ದರು.

“ಅವಸರ ಇಲ್ಲ ಬಿಡ್ರಿ,” ಎಂದರು ದಾವಲಸಾಬರು. “ಮಂಗನಿ ದಿನ ಟಿಕೋಟಾದಾಗ ಹೇಳ್ರಿ. ಆದರ ಒಂದ ಮಾತ. ಒಂದ ಸಾಲಿಗಿ ಜೋಡಿ ಹುಡಕಲಾರದ ಮನಿಯಾಗ ನನ್ನ ಮೊಮ್ಮಗಗ ಜೋಡಿ ನಾ ಹುಡಕೂದಿಲ್ಲ.”

ಅವರು ಹೋದ ಮೇಲೆ ಕೈನಾತ ಅಪ್ಪನ ಹತ್ತಿರ ಬಂದು ಮೆಲ್ಲಗೆ “ಅಬ್ಬಾ, ಎರಡನೇ ಸಾಲು ಐತಲ್ಲ?” ಎಂದು ಕೇಳಿದಳು. “ಐತವಾ” ಎಂದರು ಸಾಹೇಬರು. ಮಗಳ ಮುಖ ಅರಳಿತು. ಒಬ್ಬಳೇ ಮಗಳು. ಅವಳ ಮದುವೆ ಮುರಿದರೆ ಅದು ಯಾವನದೋ ಟೆಂಪೋದ ಗೋಣಿತಾಟಿನಿಂದ ಮುರಿಯಿತು ಎಂದು ಯಾವ ಮುಖದಿಂದ ಹೇಳುವುದು? ಆ ರಾತ್ರಿ ಅವರು ಊಟ ಮಾಡಲಿಲ್ಲ. ಮರೆತು ಅಲ್ಲ, ಹೆದರಿ.

ಮರುದಿನದಿಂದ ಸಾಲು ಕಟ್ಟುವ ಉದ್ಯೋಗ ಶುರುವಾಯಿತು. ‘ಸಾಕಿತ್ತು’ ಎಂಬುದಕ್ಕೆ ಜೋಡಿಯಾಗಿ ‘ಬೇಕಿತ್ತು’ ಎಂಬುದು ಸಿಕ್ಕಿತು. ಆದರೆ ಏನು ಬೇಕಿತ್ತು ಎಂಬುದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಕೊನೆಗೆ ಮನಸ್ಸು ಗಟ್ಟಿ ಮಾಡಿ ಅಧಿಕಾರಿ ಸಿದ್ದಲಿಂಗೇಶರನ್ನು ಕೇಳಿದರು, ತಮ್ಮ ಹತ್ತಿರ ಸಾಲು ಇದ್ದೇ ಇದೆ, ಸುಮ್ಮನೆ ಅಧಿಕಾರಿಗಳ ಅಭಿಪ್ರಾಯ ಬೇಕು ಎಂಬಂತೆ. ಅಧಿಕಾರಿಗಳು ಪೆನ್ನು ಮುಚ್ಚಿ, ಛಾವಣಿ ನೋಡಿ, ಗಂಭೀರವಾಗಿ ಹೇಳಿದರು: “ಸದರಿ ವಿಷಯದಲ್ಲಿ ಮುಂದಿನ ಕ್ರಮ ಜರುಗಿಸಬಹುದಿತ್ತು.” ಗುರಲಿಂಗಪ್ಪನವರಂತೂ ಕೇಳದೆಯೇ ಕೊಟ್ಟರು. “ಹಿಂಗ ಮಾಡ್ರಿ. ಹೋಗುವಾಗ ಒಮ್ಮೆ ತಿರುಗಿ ನೋಡಿದ್ದರ ಸಾಕಿತ್ತು, ನಾ ರೈಟ್ ಅನ್ನೂದು ಎರಡ ನಿಮಿಷ ತಡಾ ಆಗತಿತ್ತು.” ಸಾಹೇಬರಿಗೆ ಅದೇ ಎಷ್ಟೋ ವಾಸಿ ಅನ್ನಿಸಿದ್ದು ಅವರ ಕಷ್ಟದ ಅಳತೆ.

ಉಳಿದದ್ದು ಒಂದೇ ದಾರಿ, ಟೆಂಪೋ ಹುಡುಕುವುದು. ಸಾಹೇಬರು ರಜೆ ಹಾಕಿ ಟಿಕೋಟಾ ಬಸ್ ನಿಲ್ದಾಣದ ಹತ್ತಿರ ನಿಂತು, ಹೋಗುವ ಬರುವ ಟೆಂಪೋಗಳ ಹಿಂಭಾಗವನ್ನೆಲ್ಲ ಬಗ್ಗಿ ಬಗ್ಗಿ ಓದಿದರು. ಡ್ರೈವರುಗಳು ಇವರನ್ನು ಆರ್.ಟಿ.ಓ. ಕಡೆಯವರು ಎಂದು ತಿಳಿದು ಸಲಾಮು ಮಾಡಿ, ಒಂದಿಬ್ಬರು ಕಾಗದಪತ್ರ ತೋರಿಸಿ, ಬೇರೆ ದಾರಿ ಹಿಡಿಯತೊಡಗಿದರು. ಕಡೆಗೆ ಚಹಾದಂಗಡಿಯವರು, ಆ ಹಳದಿ ಅಕ್ಷರದ ಗಾಡಿ ಬಿಜ್ಜರಗಿಯ ಯಲಗೂರಪ್ಪನದು ಎಂದು ಹೇಳಿದರು.

ಬಿಜ್ಜರಗಿಯಲ್ಲಿ ದ್ರಾಕ್ಷಿ ತೋಟದ ಮಗ್ಗುಲಿಗೆ ಟೆಂಪೋ ನಿಂತಿತ್ತು. ಹಿಂದೆ ಆ ಸಾಲು, ಕೆಳಗೆ ಅದೇ ಗೋಣಿ. ಸಾಹೇಬರು ಅತ್ತಿತ್ತ ನೋಡಿದರು. ಆಡೊಂದು ಬಿಟ್ಟರೆ ಯಾರೂ ಇರಲಿಲ್ಲ. ಬಿಸ್ಮಿಲ್ಲಾ ಎಂದು ಗೋಣಿ ಎತ್ತಿದರು. ಕೆಳಗಿನ ಹಲಗೆಯ ಮೇಲೆ ನೀಲಿ ಬಣ್ಣ ಇತ್ತು, ಬಣ್ಣದ ಮೇಲೆ ಏನೂ ಇರಲಿಲ್ಲ.

“ಯಾರ್ರಿ ಅದು, ಗಾಡಿ ಹಿಂದ?” ಎಂದು ಯಲಗೂರಪ್ಪ ಬಂದ. ಮುಖ ನೋಡಿದ ಕೂಡಲೇ ಅವನ ದನಿ ಬದಲಾಯಿತು. ಒಳಗೆ ಹೆಂಡತಿ ಬೋರವ್ವನನ್ನು ಕೂಗಿ ಕರೆದ. “ವಿಡಿಯೋದಾಗಿನ ಶಾಯರ್ ಸಾಹೇಬರು ಖುದ್ದು ಬಂದಾರ” ಎಂದ. ಇಬ್ಬರೂ ಅವರನ್ನು ಹಗ್ಗದ ಮಂಚದ ಮೇಲೆ ಕೂಡ್ರಿಸಿ ದ್ರಾಕ್ಷಿ ತಂದಿಟ್ಟು, ಕೈಕಟ್ಟಿ ಎದುರಿಗೆ ನಿಂತರು. ಸಾಲು ಬರೆಸಿದ ದಿನ ಪೇಂಟರು ಎರಡನೆಯದನ್ನು ಊಟ ಮಾಡಿ ಬಂದು ಬರೆಯುತ್ತೇನೆ ಅಂದಿದ್ದನಂತೆ. ಇತ್ತ ಹಣ್ಣು ಕಡಿದಾಗಿತ್ತು. ಹಣ್ಣು ಊಟಕ್ಕೆ ಕಾಯುತ್ತದೆಯೇ? ಗಾಡಿ ಹೊರಟುಬಿಟ್ಟಿತು. ಅಂದಿನಿಂದ ಖಾಲಿ ಹಲಗೆ ಕಂಡು ಜನ ಕೇಳುತ್ತಾರೆಂದು ಬೋರವ್ವನೇ ಗೋಣಿ ಕಟ್ಟಿದ್ದಳು.

“ದೇವರ ಕಳಿಸ್ಯಾನ ನಿಮ್ಮನ್ನ,” ಎಂದಳು ಬೋರವ್ವ. “ಎರಡನೇದು ಹೇಳಿ ಹೋಗ್ರಿ ಯಪ್ಪಾ. ಊರಾಗ ಮಂದಿಗಿ ಉತ್ತರಾ ಕೊಟ್ಟ ಸಾಕಾಗೇತಿ.”

ಸಾಹೇಬರು ದ್ರಾಕ್ಷಿ ಬಾಯಲ್ಲಿ ಹಾಕಿಕೊಂಡದ್ದರಿಂದ ತಕ್ಷಣ ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಗೊನೆ ಮುಗಿಯುವವರೆಗೆ ತಿಂದರು. ಪೇಂಟರ್ ಅಬ್ದುಲಸಮದ ಬಬಲೇಶ್ವರದಲ್ಲಿ ಇದ್ದಾನೆ ಎಂದು ತಿಳಿದುಕೊಂಡು, ಅವನನ್ನು ಕಂಡು ಬರುತ್ತೇನೆ, ಅಕ್ಷರದ ಅಳತೆ ಕೇಳುವುದಿದೆ ಎಂದು ಹೇಳಿ ಹೊರಟರು.

ಅಬ್ದುಲಸಮದ ಬಬಲೇಶ್ವರದಲ್ಲಿ ಒಂದು ಟ್ರ್ಯಾಕ್ಟರಿನ ಟ್ರೇಲರಿಗೆ ಕಮಲದ ಹೂವು ಬಿಡಿಸುತ್ತಿದ್ದ. ಸಾಲಿನ ವಿಚಾರ ಕೇಳಿದಾಗ ಬ್ರಷ್ಷು ಕೆಳಗಿಟ್ಟು ಬಹಳ ಹೊತ್ತು ತಲೆ ಕೆರೆದುಕೊಂಡ. ಅದು ಅವನದಲ್ಲ. ಜೈನಾಪುರದ ಹತ್ತಿರ ಮುಂದೆ ಹೋಗುತ್ತಿದ್ದ ಕಬ್ಬಿನ ಲಾರಿಯ ಹಿಂದೆ ಓದಿದ್ದು. ಹಾಗಾದರೆ ಎರಡನೇ ಸಾಲು?

“ಕಬ್ಬು ಜೋತಬಿದ್ದಿತ್ರಿ, ಕಾಣಲಿಲ್ಲ,” ಎಂದ ಅಬ್ದುಲಸಮದ. “ಅದಕ್ಕ ಊಟದ ನೆವಾ ಹೇಳಿ ಎದ್ದ ಹ್ವಾದೆ. ಯಾರರೆ ಬಲ್ಲವರು ಸಿಗತಾರೇನೋ ಅಂತ ದಾರಿ ನೋಡಾಕತ್ತೇನಿ. ನೀವ ಶಾಯರ್ ಅದೀರಿ ಅಂತಲ್ಲ, ಹೇಳ್ರಿ, ಈಗಿಂದೀಗ ಬರಕೊಡತೇನಿ.”

ಹೀಗೆ ಜಿಲ್ಲೆಯ ತುಂಬ ಒಂದು ಸಾಲು ಸುತ್ತುತ್ತಿತ್ತು, ಅದರ ಹಿಂದೆ ಎಲ್ಲರೂ ಸುತ್ತುತ್ತಿದ್ದರು, ಮತ್ತು ಎಲ್ಲರ ಕಣ್ಣೂ ಸಾದಿಕ ಸಾಹೇಬರ ಮೇಲೆ ಇತ್ತು.

ಮಂಗನಿಯ ದಿನ ಬಂತು. ಓಣಿಯವರೆಲ್ಲ ಒಂದು ಬಾಡಿಗೆ ಗಾಡಿಯಲ್ಲಿ ಟಿಕೋಟಾಕ್ಕೆ ಹೊರಟೆವು. ಸಾಹೇಬರು ಹೊಸ ಶೇರವಾನಿ ತೊಟ್ಟು ಎಲ್ಲರಿಗಿಂತ ಮೊದಲು ಮುಂದಿನ ಸೀಟಿನಲ್ಲಿ ಕೂತು, ಹಿಂದೆ ತಿರುಗದೆ, ತುಟಿ ಪಿಟಿಪಿಟಿ ಅನ್ನಿಸುತ್ತಿದ್ದರು. ನಾವು ಅಭ್ಯಾಸ ನಡೆದಿದೆ ಎಂದುಕೊಂಡೆವು. ಅವರು ದುವಾ ಓದುತ್ತಿದ್ದರು.

ದಾವಲಸಾಬರ ಮನೆಯ ಪಡಸಾಲೆ ತುಂಬಿತ್ತು. ಗಂಡಸರು ಹೊರಗೆ, ಹೆಂಗಸರು ಒಳಗಿನ ಕೋಣೆಯಲ್ಲಿ. ನಡುವೆ ತೆರೆದ ಬಾಗಿಲು. ಒಂದು ತಾಟಿನಲ್ಲಿ ಉಂಗುರಕ್ಕೆ ಜಾಗ ಮಾಡಿಟ್ಟಿದ್ದರು. ಇನ್ನೊಂದು ಕಡೆ ಶರಬತ್ತಿನ ಗ್ಲಾಸುಗಳು ಸಾಲಾಗಿ ನಿಂತಿದ್ದವು. ಸಾಹೇಬರ ಕಣ್ಣು ಆ ಗ್ಲಾಸುಗಳನ್ನು ಬಿಟ್ಟು ಕದಲಲಿಲ್ಲ.

“ಹೇಳ್ರಿ ಬೀಗ್ರೆ,” ಎಂದರು ದಾವಲಸಾಬರು.

ಸಾಹೇಬರು ಎದ್ದರು. “ಹೋಗುವಾಗ ಒಮ್ಮೆ ತಿರುಗಿ ನೋಡಿದ್ದರ ಸಾಕಿತ್ತು,” ಎಂದರು. ಪಡಸಾಲೆ ಒಂದೇ ದನಿಯಲ್ಲಿ ತಿರುಗಿ ಹೇಳಿತು. ಸಾಹೇಬರು ಕೈ ಎತ್ತಿದರು. ಜೇಬಿನಲ್ಲಿ ಗಂಟೆ ಬಾರಿಸಲಿಲ್ಲ. ಇನ್ನೊಮ್ಮೆ ಹೇಳಿದರು. ಪಡಸಾಲೆ ಇನ್ನೂ ಜೋರಾಗಿ ಹೇಳಿತು. ಎತ್ತಿದ ಕೈಯನ್ನು ಇಳಿಸಿ ಜೇಬು ಮುಟ್ಟಿ ನೋಡಿದರು. ಜೇಬಿನಲ್ಲಿ ಫೋನೇ ಇರಲಿಲ್ಲ. ಬಾಗಿಲ ಸಂದಿಯಿಂದ ಕೈನಾತಳ ಮುಖ ಕಾಣುತ್ತಿತ್ತು. ಅದನ್ನು ನೋಡಲಾಗದೆ ಸಾಹೇಬರು ಮೂರನೆಯ ಸಲ ಅದೇ ಸಾಲು ಹೇಳಿದರು, ಈ ಸಲ ಅಳುವ ದನಿಯಲ್ಲಿ. ನಮ್ಮ ಗುರಲಿಂಗಪ್ಪ ನನ್ನ ಕಿವಿಯಲ್ಲಿ “ಎಂಥಾ ಭಾವ ಐತಿ ನೋಡ್ರಿ” ಎಂದರು.

ಆಗ ಗಂಟೆ ಬಾರಿಸಿತು. ಒಳಗಿನ ಕೋಣೆಯಲ್ಲಿ.

ರಹಿಮಾಬಿ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಬಾರಿಸುತ್ತಿದ್ದ ಫೋನು, ಇನ್ನೊಂದರಲ್ಲಿ ಉಂಗುರದ ಡಬ್ಬಿ. ಎರಡೂ ಜಲನಗರದ ಮನೆಯ ಬಾಗಿಲಲ್ಲಿ ಉಳಿದದ್ದು, ಅವರೇ ಎತ್ತಿ ತಂದದ್ದು. ಬೀಗರ ಮನೆಗೆ ಉಂಗುರ ಬಿಟ್ಟು ಬಂದ ಗಂಡ, ಎಲ್ಲರೆದುರು ‘ತಿರುಗಿ ನೋಡಿದ್ದರ ಸಾಕಿತ್ತು’ ಎಂದು ಮೂರು ಮೂರು ಸಲ ಹೇಳುವುದನ್ನು ಕೇಳಿ ಅವರ ತಾಳ್ಮೆ ಮುಗಿದಿತ್ತು. ಮದುವೆಯಾದ ಮರುದಿನದಿಂದ ಬಾಗಿಲಲ್ಲಿ ನಿಂತು ಕೂಗಿ ಕೂಗಿ ಸವೆದ ದನಿಯಲ್ಲಿ, ಕನ್ನಡದಲ್ಲಿ, ಅವರು ಹೇಳಿದರು:

“ಬಾಗಲದಾಗ ಬಿಟ್ಟ ಬುತ್ತಿ ನಿಮಗ ಕಾಣತಿತ್ತು.”

ರಹಿಮಾಬಿಗೆ ತಾವು ಎಲ್ಲಿ ನಿಂತಿದ್ದೇವೆ ಎಂಬುದು ಆಮೇಲೆ ಹೊಳೆದು ಸೆರಗು ಬಾಯಿಗೆ ಹೋಯಿತು. ಸಾದಿಕ ಸಾಹೇಬರು ಶರಬತ್ತಿನ ಗ್ಲಾಸಿನ ಕಡೆ ನೋಡಿದರು.

ಮೊದಲು ದನಿ ಬಂದದ್ದು ಒಳಗಿನ ಕೋಣೆಯಿಂದ. ದಾವಲಸಾಬರ ಹೆಂಡತಿ, ಮುದುಕಿ ಬೀಬಿಜಾನ, ಗೋಡೆಗೆ ಒರಗಿ ಕೂತಲ್ಲಿಂದಲೇ “ವಾಹ್” ಎಂದರು. ಆಮೇಲೆ ಹೆಂಗಸರೆಲ್ಲ ಒಟ್ಟಿಗೆ ವಾಹ್ ಎಂದರು. ಪಡಸಾಲೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿ, ತಮ್ಮ ತಮ್ಮ ಮನೆಯ ಬಾಗಿಲುಗಳನ್ನು ನೆನೆದು, ತಡವಾಗಿ ವಾಹ್ ಎಂದರು.

ದಾವಲಸಾಬರು ಮಾತ್ರ ಮುಚ್ಚಿದ ಕಣ್ಣು ತೆರೆಯಲಿಲ್ಲ.

“ಈ ಮನಿಯಾಗ ಇಷ್ಟ ವರ್ಷ ಶಾಯರಿ ಕೇಳಿ ಕೇಳಿ ಕಿವಿ ಕಿವುಡಾಗ್ಯಾವು,” ಎಂದರು ಬೀಬಿಜಾನ. “ನನಗ ತಿಳಿದದ್ದು ಇದ ಮೊದಲನೇದು. ದಿನಾ ಗೊತ್ತ ಮಾಡ್ರಿ ನೀವು. ಇಲ್ಲಾಂದ್ರ ನಾ ಗೊತ್ತ ಮಾಡತೇನಿ.”

ಮುದುಕರು ದಿನ ಗೊತ್ತು ಮಾಡಿದರು. ಉಂಗುರ ತೊಡಿಸಿದರು. ಕೈನಾತ ಅಮ್ಮನನ್ನು ತಬ್ಬಿಕೊಂಡು ಅತ್ತಳು. ಇರ್ಫಾನ ಯಾರನ್ನು ತಬ್ಬಿಕೊಳ್ಳಬೇಕೋ ತಿಳಿಯದೆ ಗುರಲಿಂಗಪ್ಪನವರನ್ನು ತಬ್ಬಿಕೊಂಡ.

ಎಲ್ಲ ಮುಗಿದ ಮೇಲೆ ಸಾದಿಕ ಸಾಹೇಬರಿಗೆ ಇದ್ದಕ್ಕಿದ್ದಂತೆ ಸತ್ಯದ ಹುಕಿ ಬಂತು. ಬೀಗರ ಪಕ್ಕದಲ್ಲಿ ಕೂತು, ಎರಡನೇ ಸಾಲು ತಮ್ಮದಲ್ಲ ಎಂದರು. ಅದು ಎಲ್ಲರಿಗೂ ಕಂಡಿದೆ ಎಂದರು ದಾವಲಸಾಬರು. ಸಾಹೇಬರು ಉಗುಳು ನುಂಗಿ, ಮೊದಲನೆಯದೂ ತಮ್ಮದಲ್ಲ ಎಂದರು.

“ಅದೂ ಗೊತ್ತೈತ್ರಿ,” ಎಂದರು ಮುದುಕರು, ಮೊದಲ ಸಲ ನಗುತ್ತ. “ನಮ್ಮ ದ್ರಾಕ್ಷಿ ಹೇರೂದು ಆ ಯಲಗೂರಪ್ಪನ ಗಾಡಿನ. ಅದರ ಹಿಂದ ಹೋಗಿ ಹೋಗಿ, ಎರಡನೇ ಸಾಲ ಏನಿರಬೇಕ ಅಂತ ನನಗ ನಿದ್ದಿ ಹಾರಿತ್ತು. ನೀವು ವಿಡಿಯೋದಾಗ ಕೈ ಎತ್ತಿ ನಿಂತಿದ್ದ ನೋಡಿ, ಈ ಮನಿಷಾಗ ಗೊತ್ತೈತಿ ಅಂತ ತಿಳದ ಓಡಿ ಬಂದೆ.”

ಈಗ ಎಲ್ಲ ಸುಖವಾಗಿದೆ. ಅಬ್ದುಲಸಮದ ಬಿಜ್ಜರಗಿಗೆ ಹೋಗಿ ನೀಲಿ ಹಲಗೆಯ ಮೇಲೆ ಎರಡನೇ ಸಾಲು ಬರೆದು, ಬೋರವ್ವ ಮಾಡಿದ ಊಟವನ್ನು ಬರೆದಾದ ಮೇಲೆಯೇ ಉಂಡು ಬಂದ. ಆದರೆ ಈ ಸಲ ಬೆಳೆ ಚೆನ್ನಾಗಿ ಬಂದು ಕ್ರೇಟು ಎತ್ತರಕ್ಕೆ ಏರಿವೆ. ಮೇಲೆ ಕಟ್ಟಿದ ತಾಡಪತ್ರಿ ಇಳಿದು ಮೇಲಿನ ಹಲಗೆಯನ್ನು ಮುಚ್ಚಿಬಿಟ್ಟಿದೆ. ವಿಜಯಪುರದ ಜನಕ್ಕೆ ಈಗ ಕಾಣುವುದು ‘ಬಾಗಲದಾಗ ಬಿಟ್ಟ ಬುತ್ತಿ ನಿಮಗ ಕಾಣತಿತ್ತು’ ಎಂಬುದು ಮಾತ್ರ. ಪೂರ್ತಿಯಾದ ಶಾಯರಿಯನ್ನು ವಾಡಿಕೆಯಂತೆ ಮರುದಿನವೇ ಮರೆತು, ಮೊದಲನೇ ಸಾಲು ಏನು ಎಂದು ಊರಿಗೆ ಊರೇ ತಲೆ ಕೆಡಿಸಿಕೊಂಡು ಸಾದಿಕ ಸಾಹೇಬರನ್ನು ಕೇಳುತ್ತಿದೆ.

ಸಾಹೇಬರು ಯಾರಿಗೂ ಹೇಳುತ್ತಿಲ್ಲ, ಹೆಸರು ಬಂದದ್ದು ಸಾಕು ಎನ್ನುತ್ತಾರೆ. ಮೊನ್ನೆ ಮುಂಜಾನೆ ಕಚೇರಿಗೆ ಹೋಗುವಾಗ ಅದೇ ಟೆಂಪೋ ಮತ್ತೆ ಅವರ ಮುಂದೆ ದಾರಿ ಬಿಡದೆ ಹೊರಟಿತ್ತಂತೆ. ಸಾಹೇಬರು ಆ ಸಾಲನ್ನು ಅಭಿಮಾನದಿಂದ ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಬುತ್ತಿ ತೂಗಬೇಕಾಗಿದ್ದ ಸ್ಕೂಟರಿನ ಖಾಲಿ ಕೊಕ್ಕೆಯ ಕಡೆ ನೋಡಿ, ಗಾಡಿ ತಿರುಗಿಸಿ, ಜಲನಗರಕ್ಕೆ ವಾಪಸು ಬಂದರು. ರಹಿಮಾಬಿ ಡಬ್ಬಿ ಹಿಡಿದು ಇನ್ನೂ ಬಾಗಿಲಲ್ಲೇ ನಿಂತಿದ್ದರು.